ಶಿಷ್ಟಾಚಾರವಲ್ಲ, ಪ್ರೋಟೋಕಾಲ್: ಮಕ್ಕಳಿಗೆ ಹೆಸರನ್ನು ಸರಿಯಾಗಿ ಹೇಳಿಕೊಡೋಣ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಲಿನ ನಮ್ಮ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಹೇಳಿಕೊಳ್ಳುವುದು ಹೆಚ್ಚಾಗಿ ಅವೇ ಸಂಗತಿಗಳನ್ನು: ಶಿಕ್ಷಕರ ಹುದ್ದೆ ಖಾಲಿ, ಪುಸ್ತಕ ತಡ, ಮಕ್ಕಳ ಸಂಖ್ಯೆ ಇಳಿಮುಖ. ಇವು ಸಣ್ಣ ಸಂಗತಿಗಳಲ್ಲ. ಅವುಗಳ ಬಗ್ಗೆ ಬರೆಯುವುದನ್ನು ನಿಲ್ಲಿಸಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಶಿಕ್ಷಕರು ಇದ್ದು, ಪುಸ್ತಕ ಬಂದು, ಪಾಠವೂ ನಡೆದ ದಿನ ಆ ಪಾಠದಲ್ಲಿ ಏನಿತ್ತು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಈ ಭಾಗದ ಒಂದು ಶಾಲೆಗೆ ಕಂಪ್ಯೂಟರ್ ಪಾಠದ ಹೊತ್ತಿಗೆ ಹೋಗಿದ್ದೆ. ಶಾಲೆಯ ಹೆಸರು ಬೇಡ. ಕರಿಹಲಗೆಯ ಮೇಲೆ ಮುತ್ತಿನಂತಹ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಎಚ್‌ಟಿಟಿಪಿ ಎಂದರೆ ಉನ್ನತ ಪಠ್ಯ ವರ್ಗಾವಣಾ ಶಿಷ್ಟಾಚಾರ.’ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ, ಶಿಷ್ಟಾಚಾರ ಅಂದ್ರ ಎಮ್ಮೆಲ್ಲೆ ಬಂದಾಗ ಮಾಡ್ತಾರಲ್ರಿ, ಅದೇ ಏನ್ರಿ?” ತರಗತಿ ನಕ್ಕಿತು. ಮಾಸ್ತರರೂ ನಕ್ಕು, “ಅದೇ ಅಂತ ಬರ್ಕೋ” ಎಂದರು.

ಮಾಸ್ತರರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಗಣಿತದವರು, ಕಂಪ್ಯೂಟರ್ ಪಾಠ ಅವರ ಪಾಲಿಗೆ ಹೆಚ್ಚುವರಿಯಾಗಿ ಬಂದದ್ದು. ಕೈಗೆ ಸಿಕ್ಕಿದ್ದು ಇಂಗ್ಲಿಷಿನ ಒಂದು ಹಾಳೆ, ತೆಲುಗಿನ ಒಂದು ಹಾಳೆ. ರಾತ್ರಿ ಕುಳಿತು ತಾವೇ ಕನ್ನಡ ಮಾಡಿಕೊಂಡು ಬಂದಿದ್ದರು. ಆ ಶ್ರಮಕ್ಕೆ ಕೈಮುಗಿಯುತ್ತೇನೆ. ತಪ್ಪು ಅವರದಲ್ಲ, ಅವರನ್ನು ಒಂಟಿಯಾಗಿ ಬಿಟ್ಟ ನಮ್ಮೆಲ್ಲರದು.

ಆ ಒಂದು ಸಾಲಿನಲ್ಲಿ ಎಡವಟ್ಟು ಎಷ್ಟು ಎಂದು ನೋಡಿರಿ. ಹೈಪರ್‌ಟೆಕ್ಸ್ಟ್ ಎಂದರೆ ಉನ್ನತ ಪಠ್ಯವಲ್ಲ. ಒಂದು ಬರಹದಿಂದ ಇನ್ನೊಂದಕ್ಕೆ ಹಾರಲು ಕೊಂಡಿಗಳಿರುವ ಬರಹ. ‘ಹೈಪರ್’ ಅನ್ನು ‘ಹೈ’ ಎಂದು ಓದಿದ್ದರಿಂದ ಅದು ಉನ್ನತವಾಯಿತು. ಇನ್ನು ಶಿಷ್ಟಾಚಾರ. ಸರ್ಕಾರಿ ಭಾಷೆಯಲ್ಲಿ ಅದಕ್ಕೆ ನೆಲೆಯಾದ ಅರ್ಥವಿದೆ: ಯಾರಿಗೆ ಯಾವ ಕುರ್ಚಿ, ಯಾರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಮೊದಲು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಬಿಟ್ಟುಹೋದರೆ ‘ಶಿಷ್ಟಾಚಾರ ಉಲ್ಲಂಘನೆ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಆ ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ಎರಡು ಯಂತ್ರಗಳು ಮಾತಾಡುವಾಗ ಯಾರು ಮೊದಲು ಏನು ಹೇಳಬೇಕು, ಇನ್ನೊಬ್ಬರು ಏನು ಉತ್ತರಿಸಬೇಕು, ಮಾತು ಮುಗಿಯಿತೆಂದು ಹೇಗೆ ತಿಳಿಯಬೇಕು ಎಂಬ ಒಪ್ಪಂದಕ್ಕೆ ಜಾಲದ ಲೋಕದಲ್ಲಿ ಪ್ರೋಟೋಕಾಲ್ ಎನ್ನುತ್ತಾರೆ. ತಾಂಡೂರಿನ ಮಾರುಕಟ್ಟೆಯಲ್ಲಿ ತೊಗರಿಯ ಸವಾಲು ನಡೆಯುವುದನ್ನು ಕಂಡ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಅಲ್ಲಿಯೂ ಕೂಗುವುದಕ್ಕೆ, ಒಪ್ಪುವುದಕ್ಕೆ, ಮುಗಿಸುವುದಕ್ಕೆ ಒಂದು ಕಟ್ಟಳೆ ಇದೆ. ‘ಕಟ್ಟಳೆ’ ಎಂದರೆ ಮಗುವಿಗೆ ತಿಳಿಯುತ್ತದೆ, ‘ಶಿಷ್ಟಾಚಾರ’ ಎಂದರೆ ಎಮ್ಮೆಲ್ಲೆ ನೆನಪಾಗುತ್ತಾರೆ.

ನನ್ನ ಮಾತು ಇಷ್ಟೇ. ನಾವೇ ವ್ಯಾಕರಣದ ಪಾಠದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಕಲಿಸುತ್ತೇವೆ. ನದಿ ರೂಢನಾಮ, ಮಾಂಜ್ರಾ ಅಂಕಿತನಾಮ. ನದಿಗೆ ಹೊಳೆ ಎನ್ನಬಹುದು. ಮಾಂಜ್ರಾಕ್ಕೆ ಬೇರೆ ಹೆಸರಿಡಲು ಬರುವುದಿಲ್ಲ. ಖೇಡ ಎಂದರೆ ಹಳ್ಳಿ ಎಂದು ಗೊತ್ತಿದ್ದರೂ ನಾರಾಯಣಖೇಡಕ್ಕೆ ಹೋಗುವ ಬಸ್ಸಿನ ಮೇಲೆ ‘ನಾರಾಯಣಹಳ್ಳಿ’ ಎಂದು ಬರೆದರೆ ಪ್ರಯಾಣಿಕ ಬಸ್ ತಪ್ಪಿಸಿಕೊಳ್ಳುತ್ತಾನೆ. ಎಚ್‌ಟಿಟಿಪಿ, ಟಿಸಿಪಿ, ಐಪಿ, ಯುಡಿಪಿ ಇವೆಲ್ಲ ಅಂಕಿತನಾಮಗಳು. ಅವನ್ನು ಕನ್ನಡ ಅಕ್ಷರದಲ್ಲಿ ಇದ್ದ ಹಾಗೆಯೇ ಬರೆಯೋಣ. ಅವು ಮಾಡುವ ಕೆಲಸವನ್ನು ಒಳ್ಳೆಯ ಕನ್ನಡದಲ್ಲಿ ವಿವರಿಸೋಣ. ಹೆಸರಿಗೆ ಅನುವಾದ ಬೇಡ, ಕೆಲಸಕ್ಕೆ ವಿವರಣೆ ಬೇಕು. ನಾವು ಮಾಡುತ್ತಿರುವುದು ಇದರ ತಿರುವುಮುರುವು: ಹೆಸರನ್ನು ಕಷ್ಟಪಟ್ಟು ಅನುವಾದಿಸುತ್ತೇವೆ, ಕೆಲಸವನ್ನು ವಿವರಿಸದೆ ಬಿಡುತ್ತೇವೆ.

ಹೆಸರಿನ ಬೆನ್ನು ಹತ್ತಿ ಅನುವಾದಿಸಿದರೆ ಆಗುವ ತಮಾಷೆಗೆ ವೈಫೈ ಒಳ್ಳೆಯ ಉದಾಹರಣೆ. ತಂತಿಯಿಲ್ಲದ ಈ ಜಾಲದ ತಾಂತ್ರಿಕ ಮಾನಕ 1997ರಲ್ಲಿ ಬಂತು. ಅದರ ಹೆಸರು ಐಇಇಇ 802.11. ಆ ಹೆಸರು ಹಿಡಿದು ಅಂಗಡಿಯಲ್ಲಿ ಮಾರಲು ಆಗುತ್ತದೆಯೇ? 1999ರಲ್ಲಿ ಹೆಸರಿಡುವ ಒಂದು ಕಂಪನಿಯಿಂದ ‘ವೈಫೈ’ ಎಂಬ ಪದವನ್ನು ಮಾಡಿಸಿಕೊಂಡರು. ಅದು ಯಾವುದರ ಸಂಕ್ಷೇಪವೂ ಅಲ್ಲ. ಜಾಹೀರಾತಿಗೆಂದು ಆಮೇಲೆ ಸೇರಿಸಿದ ‘ವೈರ್‌ಲೆಸ್ ಫಿಡೆಲಿಟಿ’ಯನ್ನೇ ಪೂರ್ಣರೂಪ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದನ್ನು ‘ನಿಸ್ತಂತು ನಿಷ್ಠೆ’ ಎಂದು ಕನ್ನಡಿಸಿದರೆ ಯಾರಿಗೆ ಯಾರ ಮೇಲೆ ನಿಷ್ಠೆ ಎಂದು ಕೇಳಬೇಕಾಗುತ್ತದೆ. ಬ್ಲೂಟೂತ್ ಹತ್ತನೆಯ ಶತಮಾನದ ಡೆನ್ಮಾರ್ಕಿನ ಒಬ್ಬ ರಾಜನ ಅಡ್ಡಹೆಸರು. ಪುಣ್ಯಕ್ಕೆ ಅದಕ್ಕೆ ‘ನೀಲಿಹಲ್ಲು’ ಎಂದು ಯಾರೂ ಪಾಠ ಮಾಡುತ್ತಿಲ್ಲ.

ಒಂದು ಹೆಸರನ್ನು ಇನ್ನೊಂದರ ಮೇಲೆ ಹೇರುವುದು ಇದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ನೆಟ್‌ವರ್ಕಿಗೂ ಜಾಲ, ಇಂಟರ್ನೆಟ್ಟಿಗೂ ಜಾಲ, ವೆಬ್ಬಿಗೂ ಜಾಲ. ಶಾಲೆಯ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದರೆ ಅದೊಂದು ಜಾಲ, ಇಂಟರ್ನೆಟ್ ಅಲ್ಲ. ಅಂತಹ ಅಸಂಖ್ಯ ಜಾಲಗಳನ್ನು ಜೋಡಿಸಿದ್ದು ಇಂಟರ್ನೆಟ್. ಅದರ ಮೇಲೆ ಓಡುವ ಹಲವು ಸೇವೆಗಳಲ್ಲಿ ಒಂದು ಮಾತ್ರ ವೆಬ್. ಟಿಮ್ ಬರ್ನರ್ಸ್-ಲೀ ಅದರ ಪ್ರಸ್ತಾಪವನ್ನು ಮುಂದಿಟ್ಟದ್ದು 1989ರಲ್ಲಿ. ಇಂಟರ್ನೆಟ್ ಅದಕ್ಕಿಂತ ಹಳೆಯದು. ರಸ್ತೆಯೂ ಬಸ್ಸೂ ಒಂದೇ ಅಲ್ಲ ಎಂಬಷ್ಟು ಸರಳವಾದ ಈ ಭೇದ ಒಂದೇ ‘ಜಾಲ’ದೊಳಗೆ ಸಿಕ್ಕಿ ಮುಳುಗಿಹೋಗಿದೆ. ಅಂತರ್ಜಾಲವೋ ಅಂತರಜಾಲವೋ ಎಂಬ ಚರ್ಚೆ ನಿಮಗೂ ಗೊತ್ತಿರಬಹುದು. ಅಂತರ್ದೇಶೀಯ ಪತ್ರ ದೇಶದ ಒಳಗೇ ಓಡಾಡುವುದು, ಹಾಗಾಗಿ ‘ಅಂತರ್’ ಎಂದರೆ ಒಳಗಿನದು, ಇಂಟರ್ನೆಟ್ಟಿಗೆ ‘ಅಂತರಜಾಲ’ವೇ ಸರಿ ಎಂದು ಕೆಲವರ ವಾದ. ವಾದದಲ್ಲಿ ಹುರುಳಿದೆ. ಆದರೆ ರೂಢಿ ‘ಅಂತರ್ಜಾಲ’ದ ಕಡೆ ನಿಂತಿದೆ, ನಮ್ಮ ಮಕ್ಕಳು ತೆಲುಗಿನಲ್ಲಿ ಕೇಳುವುದೂ ‘ಅಂತರ್ಜಾಲಂ’. ಇದಕ್ಕೆ ಜಗಳ ಬೇಡ. ವೆಬ್ಬಿಗೆ ವೆಬ್ ಎಂದೇ ಹೇಳಿದರೆ ಸಾಕು.

‘ಆವೃತ್ತಿ’ ಎಂಬ ಪದದ ಪಾಡು ಇನ್ನೂ ವಿಚಿತ್ರ. ವಿಜ್ಞಾನದ ಪುಸ್ತಕದಲ್ಲಿ ಆವೃತ್ತಿ ಎಂದರೆ ಫ್ರೀಕ್ವೆನ್ಸಿ, ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಕಂಪ್ಯೂಟರ್ ಪಾಠದಲ್ಲಿ ಅದೇ ಆವೃತ್ತಿ ಎಂದರೆ ವರ್ಷನ್, ಪುಸ್ತಕದ ಎರಡನೆಯ ಮುದ್ರಣದ ಹಾಗೆ. ‘ಐಪಿ ಆವೃತ್ತಿ 4’ ಎಂದು ಓದಿದ ಜಾಣ ಹುಡುಗಿ ಅದನ್ನು ನಾಲ್ಕು ಹರ್ಟ್ಝ್ ಎಂದುಕೊಂಡರೆ ಅವಳ ತಪ್ಪಲ್ಲ. ಪಕ್ಕದ ತೆಲುಗು ಮಾಧ್ಯಮದ ಗೆಳತಿ ಫ್ರೀಕ್ವೆನ್ಸಿಗೆ ‘ಪೌನಃಪುನ್ಯಂ’ ಎನ್ನುತ್ತಾಳೆ. ಕನ್ನಡ ಪತ್ರಿಕೆಗಳೋ 2ಜಿ ಹಗರಣದ ಕಾಲದಿಂದ ಸ್ಪೆಕ್ಟ್ರಮ್ಮಿಗೆ ‘ತರಂಗಾಂತರ’ ಎಂದು ಬರೆದುಕೊಂಡು ಬಂದಿವೆ. ಆ ಪದಕ್ಕೆ ಅಲೆಯಿಂದ ಅಲೆಗಿರುವ ದೂರ ಎಂಬ ಅರ್ಥ ಮೊದಲೇ ಇತ್ತು.

ಇದರ ಜೊತೆಗೆ ಮನೆಯ ವೈಫೈ ಪೆಟ್ಟಿಗೆಯೂ ಸೇರಿಕೊಳ್ಳುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಎರಡು ಹೆಸರು ಕಾಣುತ್ತವೆ, ಒಂದರ ಬಾಲಕ್ಕೆ ‘5ಜಿ’ ಎಂದಿರುತ್ತದೆ. ನಮ್ಮ ಊರಿಗೆ 5ಜಿ ಬಂದಿದೆ ಎಂದು ಮಕ್ಕಳಿಗೆ ಸಂಭ್ರಮ. ಅದು 5 ಗಿಗಾಹರ್ಟ್ಝ್ ಕಂಪನದ ವೈಫೈ. ಮೊಬೈಲಿನ ಐದನೆಯ ಪೀಳಿಗೆಗೂ ಅದಕ್ಕೂ ಸಂಬಂಧವಿಲ್ಲ. ಜಹೀರಾಬಾದ್ ಕಡೆಯ ಮಕ್ಕಳಿಗೆ ಇದನ್ನು ತಿಳಿಸಲು ನಮ್ಮಲ್ಲೇ ಸಾಮಗ್ರಿ ಇದೆ. ಮಾಚನೂರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ನಡೆಸಿಕೊಂಡು ಬಂದ ಸಂಘಂ ರೇಡಿಯೋ 2008ರಲ್ಲಿ ಶುರುವಾಯಿತು, 90.4 ಮೆಗಾಹರ್ಟ್ಝ್. ಆ 90.4 ಎಷ್ಟನೆಯ ಪೀಳಿಗೆಯೂ ಅಲ್ಲ, ಎಷ್ಟನೆಯ ಮುದ್ರಣವೂ ಅಲ್ಲ. ರೇಡಿಯೋದ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕಂಪನದ ಸಂಖ್ಯೆ. ಅಲ್ಲಿಂದ 5 ಗಿಗಾಹರ್ಟ್ಝಿಗೆ ಒಂದೇ ಹೆಜ್ಜೆ. ಫ್ರೀಕ್ವೆನ್ಸಿಗೆ ಕಂಪನಾಂಕ ಎಂದೂ ವರ್ಷನ್ನಿಗೆ ಆವೃತ್ತಿ ಎಂದೂ ನಾವು ನಾವೇ ಒಪ್ಪಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ವಿಜ್ಞಾನದ ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಪದವನ್ನೇ ಬರೆಯಲು ಹೇಳಿರಿ. ಅಂಕ ಕೊಡುವವರು ನಾವಲ್ಲ.

ಟಿಸಿಪಿ/ಐಪಿ ಎಂದು ಒಂದೇ ಉಸಿರಿನಲ್ಲಿ ಹೇಳುವುದರಿಂದ ಅದು ಒಂದೇ ವಸ್ತು ಎಂದು ಮಕ್ಕಳು ತಿಳಿಯುತ್ತಾರೆ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದು ಒಂದೇ ಆಗಿತ್ತು ನಿಜ. 1978ರಲ್ಲಿ ಅದನ್ನು ಎರಡು ಮಾಡಿದರು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಈ ಜೋಡಿಗೆ ಬದಲಾಯಿತು. ಐಪಿಯ ಕೆಲಸ ಪ್ರತಿಯೊಂದು ಕಟ್ಟಿಗೂ ವಿಳಾಸ ಬರೆದು ಮುಂದಿನ ಊರಿಗೆ ದಾಟಿಸುವುದು. ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಕಟ್ಟುಗಳಿಗೆ ಕ್ರಮಸಂಖ್ಯೆ ಹಾಕಿ, ಮುಟ್ಟಿದ ರಸೀದಿ ಬಾರದಿದ್ದರೆ ಮತ್ತೆ ಕಳಿಸುವುದು ಟಿಸಿಪಿ. ನಾವೆಲ್ಲ ರಿಜಿಸ್ಟರ್ಡ್ ಪತ್ರಕ್ಕೆ ಸ್ವೀಕೃತಿ ಕಾರ್ಡು ಅಂಟಿಸಿ ಕಳಿಸುತ್ತಿದ್ದೆವಲ್ಲ, ಹಾಗೆ. ಆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು, ಮಕ್ಕಳಿಗೆ ತೋರಿಸಲು ಹಳೆಯ ಕಾರ್ಡು ಮನೆಯಲ್ಲಿ ಇದ್ದೀತು. ಯುಡಿಪಿ ಪೋಸ್ಟ್‌ಕಾರ್ಡಿನಂತೆ: ಹಾಕಿದೆವು, ಬಿಟ್ಟೆವು. ನೇರ ಮಾತುಕತೆಗೆ, ಆಟಕ್ಕೆ ಅದೇ ಚೆನ್ನ, ಏಕೆಂದರೆ ರಸೀದಿಗೆ ಕಾಯುವ ಹೊತ್ತಿಲ್ಲ. ತೊಗರಿ ಎಲ್ಲವೂ ತೊಗರಿಯೇ ಆದರೂ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಬೇರೆ ಬೇರೆಯಾಗಿ ಭೌಗೋಳಿಕ ಸೂಚಕ ದೊರೆಯಿತು. ಒಂದರ ಚೀಲದ ಮೇಲೆ ಇನ್ನೊಂದರ ಹೆಸರು ಬರೆಯುವುದನ್ನು ತಾಂಡೂರಿನ ರೈತ ಒಪ್ಪುತ್ತಾನೆಯೇ?

ಇಷ್ಟೆಲ್ಲ ಏಕೆ, ಎರಡು ಅಂಕದ ಪ್ರಶ್ನೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಈ ಬರಹ ಬರೆಯಲು ನನ್ನನ್ನು ಹಚ್ಚಿದ್ದು ಮುಂದಿನ ಹೆಸರು.

ಎಚ್‌ಟಿಟಿಪಿಎಸ್. ಕೊನೆಯ ಎಸ್ ಎಂದರೆ ಸೆಕ್ಯೂರ್, ಅಂದರೆ ಸುರಕ್ಷಿತ. ನಮ್ಮ ಮಕ್ಕಳ ನೋಟ್ ಪುಸ್ತಕಗಳಲ್ಲಿ ‘ಎಚ್‌ಟಿಟಿಪಿಎಸ್ ಇದ್ದರೆ ಆ ತಾಣ ಸುರಕ್ಷಿತ’ ಎಂಬ ವಾಕ್ಯವನ್ನು ನೀವೂ ಕಂಡಿರುತ್ತೀರಿ. ಪದಕ್ಕೆ ಪದ ಇಟ್ಟರೆ ತಪ್ಪಿಲ್ಲ, ಅರ್ಥ ಮಾತ್ರ ಪೂರ್ತಿ ತಪ್ಪು. ಸುರಕ್ಷಿತವಾದದ್ದು ದಾರಿ, ತಾಣವಲ್ಲ. ನಿಮ್ಮ ಮೊಬೈಲಿನಿಂದ ಆ ತಾಣದವರೆಗೆ ಹೋಗುವ ಮಾತನ್ನು ನಡುವೆ ಯಾರೂ ಓದಲಾಗದಂತೆ, ತಿದ್ದಲಾಗದಂತೆ ಗುಪ್ತಲಿಪಿಯಲ್ಲಿ ಕಳಿಸಲಾಗುತ್ತದೆ. ವಿಳಾಸಪಟ್ಟಿಯಲ್ಲಿ ಬರೆದ ಹೆಸರಿನ ತಾಣಕ್ಕೇ ಅದು ಮುಟ್ಟುತ್ತದೆ. ಅಷ್ಟಕ್ಕೇ ಅದರ ಭರವಸೆ. ಆ ತಾಣವನ್ನು ಇಟ್ಟವನು ಕಳ್ಳನಾದರೆ ನಿಮ್ಮ ಗುಟ್ಟು ಬಹಳ ಭದ್ರವಾಗಿ ಕಳ್ಳನ ಕೈ ಸೇರುತ್ತದೆ. ಬೀದರಿನ ರಸ್ತೆ ಚೆನ್ನಾಗಿದೆ ಎಂದ ಮಾತ್ರಕ್ಕೆ ರಸ್ತೆಯ ಕೊನೆಯ ಅಂಗಡಿಯವನ ತಕ್ಕಡಿ ಸರಿ ಎಂದಾಗುವುದಿಲ್ಲ.

ವಿದ್ಯಾರ್ಥಿವೇತನ ಬಂದಿದೆ, ಈ ಕೊಂಡಿ ಒತ್ತಿ ಬ್ಯಾಂಕ್ ವಿವರ ತುಂಬಿರಿ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಮನೆಯಲ್ಲಿ ಓದು ಬಲ್ಲವನು ಆ ಎಂಟನೆಯ ತರಗತಿಯ ಹುಡುಗನೊಬ್ಬನೇ. ತಂದೆ ಅವನ ಕೈಗೇ ಮೊಬೈಲ್ ಕೊಡುತ್ತಾನೆ. ಹುಡುಗ ನಾವು ಕಲಿಸಿದ ಹಾಗೆಯೇ ಪರೀಕ್ಷಿಸುತ್ತಾನೆ: ಎಚ್‌ಟಿಟಿಪಿಎಸ್ ಇದೆ, ಬೀಗದ ಚಿತ್ರ ಇದೆ, ಹಾಗಾದರೆ ಸುರಕ್ಷಿತ. ಕೂಲಿಯ ದುಡ್ಡು ಹೋಗುವುದು ನಮ್ಮ ಪಾಠದ ಬಲದಿಂದ. ಮೋಸದ ತಾಣಗಳೂ ಈಗ ಎಚ್‌ಟಿಟಿಪಿಎಸ್ ಇಟ್ಟುಕೊಂಡೇ ಬರುತ್ತವೆ. ಜನ ಬೀಗವನ್ನು ಹೀಗೆ ತಪ್ಪಾಗಿ ತಿಳಿಯುತ್ತಾರೆಂದೇ ಗೂಗಲ್‌ನವರು 2023ರಲ್ಲಿ ಕ್ರೋಮ್ ಬ್ರೌಸರಿನಿಂದ ಬೀಗದ ಗುರುತನ್ನು ತೆಗೆದು ಬೇರೆ ಗುರುತು ಹಾಕಿದರು. ಅವರು ತಿದ್ದಿಕೊಂಡರು, ನಮ್ಮ ನೋಟ್ ಪುಸ್ತಕ ತಿದ್ದಿಕೊಂಡಿಲ್ಲ. ನಾಳೆಯೇ ತರಗತಿಯಲ್ಲಿ ಆ ವಾಕ್ಯವನ್ನು ಹೊಡೆದು ಹಾಕಿಸಿ, ‘ಎಚ್‌ಟಿಟಿಪಿಎಸ್ ಇದ್ದರೆ ದಾರಿ ಭದ್ರ, ತಾಣ ಯಾರದೆಂದು ಬೇರೆಯಾಗಿ ನೋಡಬೇಕು’ ಎಂದು ಬರೆಯಿಸಿರಿ. ಅದರ ಕೆಳಗೆ, ದುಡ್ಡು ಹೋದರೆ ತಡಮಾಡದೆ ಕರೆಯಬೇಕಾದ ಸಂಖ್ಯೆ 1930 ಎಂದೂ ಬರೆಯಿಸಿರಿ.

ಆ ಗುಪ್ತಲಿಪಿಯ ಪ್ರೋಟೋಕಾಲಿನ ಹೆಸರಿನಲ್ಲೂ ಒಂದು ಗೋಜಲಿದೆ. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಹೊರತಂದದ್ದು ಎಸ್‌ಎಸ್‌ಎಲ್. 1999ರಲ್ಲಿ ಅದರ ಮುಂದಿನ ರೂಪಕ್ಕೆ ಟಿಎಲ್‌ಎಸ್ ಎಂಬ ಹೊಸ ಹೆಸರು ಬಂತು. ಎಸ್‌ಎಸ್‌ಎಲ್‌ನ ಕೊನೆಯ ಆವೃತ್ತಿಯನ್ನೂ ಬಳಸಕೂಡದೆಂದು 2015ರಲ್ಲಿ ಘೋಷಿಸಿದರು. ಆದರೂ ಎಲ್ಲರೂ ‘ಎಸ್‌ಎಸ್‌ಎಲ್ ಪ್ರಮಾಣಪತ್ರ’ ಎಂದೇ ಹೇಳುತ್ತಾರೆ, ಮಾರುವವರೂ ಹಾಗೆಯೇ ಮಾರುತ್ತಾರೆ. ಹೆಸರು ಬದಲಾದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖೇಡದ ಒಂದೇ ಮನೆಯಲ್ಲಿ ಅಜ್ಜನ ಕಾಗದದ ಮೇಲೆ ಬೀದರ ಜಿಲ್ಲೆ, 1956ರ ನಂತರ ಹುಟ್ಟಿದ ಮಗನ ಕಾಗದದ ಮೇಲೆ ಮೆದಕ ಜಿಲ್ಲೆ, 2016ರ ನಂತರ ಹುಟ್ಟಿದ ಮೊಮ್ಮಗಳದರ ಮೇಲೆ ಸಂಗಾರೆಡ್ಡಿ ಜಿಲ್ಲೆ. ಮನೆ ಅಲ್ಲಾಡಿಲ್ಲ. ಕಚೇರಿಯ ಗುಮಾಸ್ತ ಮಾತ್ರ ಮೂರೂ ಒಂದೇ ಊರೆಂದು ಸಾಬೀತು ಮಾಡು ಎನ್ನುತ್ತಾನೆ. ಪ್ರೋಟೋಕಾಲಿನ ವಿಷಯದಲ್ಲಿ ಕಥೆ ಉಲ್ಟಾ: ಒಳಗಿನ ವಸ್ತು ಬದಲಾಗಿದೆ, ಜನರ ಬಾಯಲ್ಲಿ ಹಳೆಯ ಹೆಸರು ಉಳಿದಿದೆ. ಎರಡನ್ನೂ ಮಕ್ಕಳಿಗೆ ಹೇಳಿರಿ, ಯಾವುದು ಇಂದಿನದು ಎಂದೂ ಹೇಳಿರಿ.

ಈಗ ಹಕ್ಕಿನ ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಕ್ಕೆ ಸೇರಿದ ಅದೇ ವರ್ಷ. ತಕ್ಕ ಸೌಲಭ್ಯ ಎಂದರೆ ಕಟ್ಟಡ, ಹುದ್ದೆ, ಪುಸ್ತಕ ಎಂದು ನಾವು ಲೆಕ್ಕ ಹಾಕುತ್ತೇವೆ. ಆ ಪುಸ್ತಕದ ಮಾತು ಸರಿಯಾಗಿರಬೇಕು ಎಂಬುದೂ ಅದರಲ್ಲಿ ಸೇರಿದೆ ಎಂದು ನನ್ನ ವಾದ. ತಪ್ಪು ಕನ್ನಡದಲ್ಲಿ ಕಲಿತ ಮಗುವಿಗೆ ಕನ್ನಡದಲ್ಲಿ ಕಲಿತದ್ದೇ ತಪ್ಪು ಎನಿಸುತ್ತದೆ. ಹತ್ತನೆಯ ತರಗತಿ ದಾಟಿ ಐಟಿಐಗೋ ಡಿಪ್ಲೊಮಾಕ್ಕೋ ಹೋದ ಹುಡುಗ ಅಲ್ಲಿ ‘ವರ್ಗಾವಣಾ ಶಿಷ್ಟಾಚಾರ’ ಎಂದರೆ ಯಾರಿಗೂ ತಿಳಿಯದು. ಎಚ್‌ಟಿಟಿಪಿ ಎಂದರೆ ಹೈದರಾಬಾದಿನಲ್ಲೂ ತಿಳಿಯುತ್ತದೆ, ಬೀದರಿನಲ್ಲೂ ತಿಳಿಯುತ್ತದೆ.

ಕನ್ನಡದ ಪದಗಳನ್ನೇ ಕಟ್ಟಬೇಕೆನ್ನುವ ಬೆಂಗಳೂರಿನ ಹಿರಿಯರು ಇದನ್ನು ಓದಿ ಬೇಸರಿಸಬಹುದು. ಕೀಲಿಮಣೆ, ಕಡತ, ಕೊಂಡಿ, ಜಾಲತಾಣ ಇವು ಚೆಂದದ ಪದಗಳು, ನಾನೂ ಬಳಸುತ್ತೇನೆ. ಅವೆಲ್ಲ ರೂಢನಾಮದ ಜಾಗದಲ್ಲಿ ಕುಳಿತಿವೆ ಎಂಬುದನ್ನು ಗಮನಿಸಬೇಕು. ಅಲ್ಲದೆ ಬೆಂಗಳೂರಿನ ಮಗುವಿಗೆ ಎರಡು ಹೆಸರು ಸಾಕಾದರೆ ನಮ್ಮ ಮಗು ಮನೆಯ ಮಾತು, ಶಾಲೆಯ ಕನ್ನಡ, 2018ರ ಕಾಯಿದೆಯಿಂದ ಕಡ್ಡಾಯವಾದ ತೆಲುಗು, ಇಂಗ್ಲಿಷು ಎಲ್ಲವನ್ನೂ ಹೊತ್ತಿದೆ. ಅದರ ತಲೆಯ ಮೇಲೆ ಎಲ್ಲೂ ಚಲಾವಣೆಯಾಗದ ಇನ್ನೊಂದು ಹೆಸರನ್ನು ಹೊರಿಸುವುದು ಬೇಡ. ಇನ್ನೊಂದು ಕಡೆಯವರು, ಹೆಸರೆಲ್ಲ ಇಂಗ್ಲಿಷಿನದೇ ಆದರೆ ಶಾಲೆಯೂ ಇಂಗ್ಲಿಷಿನದಾಗಲಿ ಎನ್ನುತ್ತಾರೆ. 2022-23ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ಈ ಮಾತು ಜೋರಾಗಿದೆ. ಅವರಿಗೆ ಒಂದೇ ಪ್ರಶ್ನೆ: ‘ದಾರಿ ಭದ್ರ, ತಾಣ ಯಾರದೆಂದು ನೋಡು’ ಎಂಬ ಮಾತು ಆ ಎಂಟನೆಯ ತರಗತಿಯ ಹುಡುಗನಿಗೆ ಯಾವ ಭಾಷೆಯಲ್ಲಿ ಬೇಗ ನಾಟುತ್ತದೆ? ಅವನ ತಂದೆಗೆ ಅವನು ಅದನ್ನು ಯಾವ ಭಾಷೆಯಲ್ಲಿ ತಿಳಿಸಬೇಕು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮೂವತ್ತು ನಲವತ್ತು ಹೆಸರುಗಳ ಒಂದು ಹಾಳೆ. ಹೆಸರು ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಅದು ಮಾಡುವ ಕೆಲಸ ಎರಡು ಸಾಲಿನ ಕನ್ನಡದಲ್ಲಿ, ತೆಲುಗು ಪುಸ್ತಕದಲ್ಲಿ ಬೇರೆ ಪದವಿದ್ದರೆ ಅದೂ. ಮೂರೂ ಕಡೆಯ ಶಿಕ್ಷಕರು ಒಂದು ಭಾನುವಾರ ಜಹೀರಾಬಾದಿನಲ್ಲಿ ಕುಳಿತರೆ ಕರಡು ಸಿದ್ಧವಾಗುತ್ತದೆ. ತಿಳಿದ ಎಂಜಿನಿಯರೊಬ್ಬರು ಅದನ್ನು ಓದಿ ತಿದ್ದಲಿ. ಮುದ್ರಿಸಿಕೊಡಿರೆಂದು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಕೇಳೋಣ, ಅಲ್ಲಿಯವರೆಗೆ ಜೆರಾಕ್ಸ್ ಸಾಕು. ಸದ್ಯಕ್ಕೆ ನೀವು ಒಂದು ಕೆಲಸ ಮಾಡಿರಿ. ಆ ಹುಡುಗ ಕೇಳಿದಂತಹ ಪ್ರಶ್ನೆ ನಿಮ್ಮ ತರಗತಿಯಲ್ಲಿಯೂ ಬಂದಿದ್ದರೆ, ಅದನ್ನು ಮಗು ಕೇಳಿದ ಮಾತಿನಲ್ಲಿಯೇ ಬರೆದು ಪತ್ರಿಕೆಗೆ ಕಳಿಸಿರಿ. ಉತ್ತರ ಬರೆಯಬೇಕೆಂದಿಲ್ಲ.